ನಕ್ಷಾರೋಹಣ ಮೀಮಾಂಸೆ: ಅಮೆರಿಕದ ಶಾಸಕನು ಕಾಂಗ್ರೆಸ್ಸಿಗೇರುವ ಬಗೆ

ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ 535 ಸದಸ್ಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಹಿಂದೆ ಯಾವುದಾದರೊಂದು ರಾಜ್ಯದ ಶಾಸಕರಾಗಿದ್ದವರು. ಈ ಊರ್ಧ್ವಗತಿಗೆ ಕಾರಣವೇನೆಂಬಲ್ಲಿ ಪಂಥಭೇದವಿದೆ. ಜನಸೇವೆಯ ಹಂಬಲವೇ ಕಾರಣವೆಂಬುದು ಒಂದು ಪಂಥ. ಭಾಷಣ ಬರೆದುಕೊಡುವವರನ್ನು ಬಿಟ್ಟರೆ ಇದಕ್ಕೆ ಅನುಯಾಯಿಗಳಿಲ್ಲ. ಸಂಬಳವೆಂಬುದು ಎರಡನೆಯದು. ಕಾಂಗ್ರೆಸ್ಸಿನಲ್ಲಿ ವರ್ಷಕ್ಕೆ 1,74,000 ಡಾಲರ್. ನ್ಯೂ ಹ್ಯಾಂಪ್‌ಶೈರಿನ ಶಾಸಕನಿಗೆ ವರ್ಷಕ್ಕೆ 100 ಡಾಲರ್. ಹಾಗಿದ್ದರೆ ಅಲ್ಲಿನ ಕೆಳಮನೆಯ 400 ಮಂದಿಯೂ ಎಂದೋ ವಾಷಿಂಗ್ಟನ್ನಿನ ಬಸ್ಸು ಹತ್ತಬೇಕಿತ್ತು, ಕೂತೇ ಇದ್ದಾರೆ. ಆದ್ದರಿಂದ ನಮ್ಮ ಸಿದ್ಧಾಂತ: ಶಾಸಕನನ್ನು ಮೇಲೇರಿಸುವುದು ನಕ್ಷೆ. ಬಹುತೇಕ ರಾಜ್ಯಗಳಲ್ಲಿ ಹತ್ತು ವರ್ಷಕ್ಕೊಮ್ಮೆ, ಜನಗಣತಿ ಮುಗಿದ ಮೇಲೆ, ಕಾಂಗ್ರೆಸ್ ಕ್ಷೇತ್ರಗಳ ಗಡಿ ಗೀಚುವವರು ರಾಜ್ಯದ ಶಾಸಕರೇ. ಪಾಲುಪಟ್ಟಿ ಬರೆಯುವ ಶಾನುಭೋಗನೇ ಪಾಲುದಾರನೂ ಆಗಿರುವಾಗ ನೀರಾವರಿ ಗದ್ದೆ ಯಾರ ಪಾಲಿಗೆಂದು ಯಾರೂ ಕೇಳುವುದಿಲ್ಲ.

ಪ್ರಮಾಣ ಬೇಕೆನ್ನುವವರು ಫ್ಲಾರಿಡಾ ನೋಡಬೇಕು. 2000ದ ಜನಗಣತಿಯಿಂದ ಆ ರಾಜ್ಯಕ್ಕೆ ಎರಡು ಹೊಸ ಕ್ಷೇತ್ರಗಳು ಸಿಕ್ಕವು. ಆಗ ಅಲ್ಲಿನ ಕೆಳಮನೆಯ ಸ್ಪೀಕರ್ ಟಾಮ್ ಫೀನಿ. ಆ ಮನೆಯ ಕ್ಷೇತ್ರ ವಿಂಗಡಣಾ ಸಮಿತಿಯ ಅಧ್ಯಕ್ಷ ಮಾರಿಯೊ ಡಿಯಾಜ್-ಬಲಾರ್ಟ್. 2002ರ ಚುನಾವಣೆಯಲ್ಲಿ 24ನೇ ಕ್ಷೇತ್ರ ಫೀನಿಗೆ ಒಲಿಯಿತು, 25ನೆಯದು ಡಿಯಾಜ್-ಬಲಾರ್ಟ್‌ಗೆ. ಇದನ್ನು ಕಾಕತಾಳೀಯ ಎನ್ನಬಹುದು. ಆದರೆ ಇಲ್ಲಿ ಕಾಗೆಯೇ ಮರ ನೆಟ್ಟಿತ್ತೆಂಬುದನ್ನು ಅಡಿಟಿಪ್ಪಣಿಯಲ್ಲಾದರೂ ಹೇಳಬೇಕಾಗುತ್ತದೆ. ಇಲ್ಲಿ ಪೂರ್ವಪಕ್ಷಿ ಒಬಾಮಾರನ್ನು ಮುಂದೊಡ್ಡುತ್ತಾನೆ: ಇಲಿನಾಯ್ ಶಾಸಕರಾಗಿದ್ದೂ 2000ದಲ್ಲಿ ಕಾಂಗ್ರೆಸ್ಸಿಗೆ ಸ್ಪರ್ಧಿಸಲು ತಮ್ಮ ಪಕ್ಷದ ಟಿಕೆಟ್ಟಿಗಾಗಿ ಬಾಬಿ ರಷ್ ಎದುರು ಸೋತರಲ್ಲ? ಸೋತರು, ಆ ಕ್ಷೇತ್ರದ ನಕ್ಷೆ ಅವರು ಶಾಸಕರಾಗುವ ಮುಂಚೆಯೇ ಬರೆದದ್ದಾಗಿತ್ತು. ವಾದ ನಮ್ಮದೇ ಗೆದ್ದಿತು. ಆದರೆ 2004ರಲ್ಲಿ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್ಟಿಗೆ ಗೆದ್ದದ್ದು ಹೇಗೆ, ಇಡೀ ರಾಜ್ಯದ ಗಡಿಯನ್ನು ಯಾರೂ ತಿದ್ದಲಾಗದಲ್ಲ ಎಂದರೆ, ಅದು ಬೇರೆ ಪ್ರಕರಣ. 1913ರ ಹದಿನೇಳನೇ ತಿದ್ದುಪಡಿಯವರೆಗೆ ಸೆನೆಟರುಗಳನ್ನು ಆರಿಸುತ್ತಿದ್ದವರೇ ರಾಜ್ಯ ಶಾಸಕರು. ನಕ್ಷೆಯ ತೊಂದರೆಯೂ ಇರಲಿಲ್ಲ. ಆ ಸುವರ್ಣಯುಗ ಕಳೆದ ಮೇಲೆ ಸೆನೆಟ್ಟಿಗೇರುವವರನ್ನು ನಮ್ಮ ಶಾಸ್ತ್ರ ಅಪವಾದವೆಂದು ಗೌರವಿಸುತ್ತದೆ.

ಇನ್ನೊಂದು ಆಕ್ಷೇಪ ನಮ್ಮ ಬೆಳಗಾವಿ ಕಡೆಯಿಂದಲೇ ಬರುತ್ತದೆ. ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾನೇದಾರ್ 2021ರಲ್ಲಿ ಮಿಶಿಗನ್ ಶಾಸಕರಾದರು, 2022ರಲ್ಲೇ ಕಾಂಗ್ರೆಸ್ಸಿಗೆ ಗೆದ್ದರು. ಅಲ್ಲಿ ಗಡಿ ಬರೆದದ್ದು ಶಾಸಕರಲ್ಲ, ನಾಗರಿಕರ ಸ್ವತಂತ್ರ ಆಯೋಗ. ಉದ್ಯಮಿಯಾಗಿ ಗಳಿಸಿದ್ದರಲ್ಲಿ ಲಕ್ಷಾಂತರ ಡಾಲರನ್ನು ಅವರು ಪ್ರಚಾರಕ್ಕೆ ಸುರಿದಿದ್ದರು. ಹಾಗಾಗಿ ಒಂದು ಉಪಸೂತ್ರ ಸೇರಿಸಿದ್ದೇವೆ: ಪೆನ್ಸಿಲ್ ಕೈತಪ್ಪಿದಲ್ಲಿ ಚೆಕ್‌ಬುಕ್. ಕೊನೆಗೆ ಫೀನಿಯವರೇ 2008ರಲ್ಲಿ ತಮ್ಮ ಕ್ಷೇತ್ರದಲ್ಲಿ ಸೋತದ್ದನ್ನು ಎತ್ತುವವರಿದ್ದಾರೆ. ಲಾಬಿಗಾರ ಜ್ಯಾಕ್ ಅಬ್ರಮಾಫ್ ಜೊತೆ 2003ರಲ್ಲಿ ಹೋದ ಗಾಲ್ಫ್ ಪ್ರವಾಸಕ್ಕಾಗಿ ಅವರು ಆ ಚುನಾವಣೆಯಲ್ಲಿ ಟಿವಿ ಜಾಹೀರಾತು ಕೊಟ್ಟು ಕ್ಷಮೆ ಕೇಳಬೇಕಾಯಿತು. ಇದರಲ್ಲಿ ಸಿದ್ಧಾಂತದ ದೋಷವೇನೂ ಇಲ್ಲ. ಆ ಗಾಲ್ಫ್ ಮೈದಾನ ಇದ್ದದ್ದು ಸ್ಕಾಟ್‌ಲೆಂಡಿನಲ್ಲಿ, ಫ್ಲಾರಿಡಾ ವಿಧಾನಮಂಡಲದ ಪೆನ್ಸಿಲ್ ಅಲ್ಲಿಯವರೆಗೆ ಹೋಗುತ್ತಿರಲಿಲ್ಲ.