ವೈದ್ಯಾಕಾಂಕ್ಷಾ ಮೀಮಾಂಸೆ: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳನ್ನು ಅನುಲಕ್ಷಿಸಿ ಒಂದು ಮಹಾಪ್ರಬಂಧದ ಸಾರ

ವಿಷಯ ಪ್ರವೇಶ

‘ದೊಡ್ಡಾವ ಆದ ಮ್ಯಾಲ ಏನ್ ಆಗ್ತಾನ?’ ಎಂಬ ಪ್ರಶ್ನೆಯನ್ನು ಘಟಪ್ರಭೆಯ ಎರಡೂ ದಂಡೆಯ ಮೇಲೆ ಯಾರೂ ಹುಡುಗನಿಗೆ ಕೇಳುವುದಿಲ್ಲ. ಹುಡುಗನ ಎದುರಿಗೇ ಅವನ ಅಪ್ಪನಿಗೆ ಕೇಳುತ್ತಾರೆ. ಅಪ್ಪ ಚಹಾದ ಬಸಿ ಕೆಳಗಿಟ್ಟು, ‘ಡಾಕ್ಟರ್ ಆಗಾಂವ್ ಅದಾನ್ರಿ’ ಎನ್ನುತ್ತಾನೆ. ಹುಡುಗನಿಗೂ ಆ ಸುದ್ದಿ ಆಗಲೇ ಗೊತ್ತಾಗುತ್ತದೆ.

ಪ್ರಸ್ತುತ ಮಹಾಪ್ರಬಂಧ ಹುಟ್ಟಿದ್ದು ಈ ಚಹಾದ ಬಸಿಯಿಂದ. ಮನುಷ್ಯ ವೈದ್ಯನೋ ಮನಶ್ಶಾಸ್ತ್ರಜ್ಞನೋ ಆಗಲು ಹೊರಡುವುದಕ್ಕೆ ಅಂತರಂಗದಲ್ಲೊಂದು ಪ್ರೇರಣೆ ಇರುತ್ತದೆಂದು ದೊಡ್ಡ ದೊಡ್ಡ ವಿದ್ವಾಂಸರು ನಂಬಿಕೊಂಡು ಬಂದಿದ್ದಾರೆ. ನಮ್ಮ ಪ್ರಬಂಧಕಾರರು ಮೂರು ತಾಲ್ಲೂಕುಗಳ ಬಸ್‌ಸ್ಟ್ಯಾಂಡು, ದವಾಖಾನೆಯ ಬಾಕು, ಲಗ್ನದ ಪಂಕ್ತಿಗಳಲ್ಲಿ ಕೂತೆದ್ದು, ಆ ಪ್ರೇರಣೆ ಇರುವುದು ಅಂತರಂಗದಲ್ಲಲ್ಲ, ಪಡಸಾಲೆಯಲ್ಲಿ ಎಂದು ಸಾಧಿಸಿದ್ದಾರೆ. ಪಂಕ್ತಿಯಲ್ಲಿ ಅವರು ಎರಡು ಸಲ ಕೂತದ್ದು ಮಾಹಿತಿಯ ಮರುಪರಿಶೀಲನೆಗಾಗಿ.

ಕ್ಷೇತ್ರ ಪರಿಚಯ

ಗೋಕಾಕದ ಜಲಪಾತದ ಎತ್ತರ 52 ಮೀಟರ್. ಅದರ ನೆತ್ತಿಯ ಮೇಲೆ 1885ರಲ್ಲಿ ನೂಲಿನ ಗಿರಣಿ ಬಂತು, 1887ರಲ್ಲಿ ಅದೇ ನೀರಿನಿಂದ ವಿದ್ಯುತ್ತೂ ಬಂತು. ಮೂಡಲಗಿ ಬಹುಕಾಲ ಗೋಕಾಕದ ಮಡಿಲಲ್ಲಿದ್ದು, ಹೋರಾಟ ಮಾಡಿ 2018ರಲ್ಲಿ ಬೇರೆ ತಾಲ್ಲೂಕಾಯಿತು. ಹುಕ್ಕೇರಿ ಎಂದರೆ ಹಳೆಯ ಗುಮ್ಮಟಗಳ ಊರು. ಹೂವಿನಿಂದಲೇ ಅದಕ್ಕೆ ಹೆಸರು ಬಂತೆಂದು ಹೇಳುವವರಿದ್ದಾರೆ. ನಕಾಶೆಯಲ್ಲಿ ಇವು ಮೂರು ತಾಲ್ಲೂಕು. ಡಾಕ್ಟರಿಕೆಯ ಆಸೆಯ ಮಟ್ಟಿಗೆ ಇಂದಿಗೂ ವಿಭಜನೆಯಾಗದ ಒಂದೇ ತಾಲ್ಲೂಕು.

ಸಾಹಿತ್ಯಕ್ಕೇನೂ ಇಲ್ಲಿ ಬರವಿಲ್ಲ. ‘ಆನಂದಕಂದ’ ಬೆಟಗೇರಿ ಕೃಷ್ಣಶರ್ಮರು ಹುಟ್ಟಿದ ಬೆಟಗೇರಿ, ಬಸವರಾಜ ಕಟ್ಟೀಮನಿಯವರ ಮಲಾಮರಡಿ, ಚಂದ್ರಶೇಖರ ಕಂಬಾರರ ಘೋಡಗೇರಿ, ಎಲ್ಲವೂ ಈ ಸೀಮೆಯವೇ. ಘೋಡಗೇರಿಯ ಹುಡುಗನಿಗೆ ಜ್ಞಾನಪೀಠವೂ ಬಂತು. ಆದರೂ ‘ನಮ್ಮ ಹುಡುಗ ಜ್ಞಾನಪೀಠ ತರಾಂವ್ ಅದಾನ್ರಿ’ ಎಂದು ಹೇಳಿದ ಒಂದೇ ಒಂದು ಪಡಸಾಲೆ ಪ್ರಬಂಧಕಾರರಿಗೆ ಸಿಕ್ಕಿಲ್ಲ.

ಪೂರ್ವಪಕ್ಷ

ಮೊದಲು ಎದುರು ವಾದಗಳನ್ನು ಎತ್ತಿ ಕೆಡವಬೇಕಾದ್ದು ಶಾಸ್ತ್ರದ ಮರ್ಯಾದೆ.

ದುಡ್ಡಿಗಾಗಿ ಅಲ್ಲ, ಭೋಗಕ್ಕಾಗಿಯೂ ಅಲ್ಲ, ಜೀವಿಗಳ ಮೇಲಿನ ದಯೆಗಾಗಿ ಚಿಕಿತ್ಸೆ ಮಾಡುವವನೇ ಶ್ರೇಷ್ಠ ಎಂಬುದು ಚರಕ ಸಂಹಿತೆಯ ನಿಲುವು. ಪ್ರಬಂಧಕಾರರಿಗೆ ಇದರಲ್ಲಿ ತಕರಾರಿಲ್ಲ. ಆದರೆ ವೈದ್ಯನಾಗಲು ಇಂದು ಬರೆಯಬೇಕಾದ ನೀಟ್ ಪರೀಕ್ಷೆಯಲ್ಲಿ 180 ಪ್ರಶ್ನೆ, 720 ಅಂಕ. ಜೀವಶಾಸ್ತ್ರಕ್ಕೆ 90, ಭೌತಶಾಸ್ತ್ರಕ್ಕೆ 45, ರಸಾಯನಶಾಸ್ತ್ರಕ್ಕೆ 45. ದಯೆಗೆ ಎಷ್ಟು ಪ್ರಶ್ನೆ ಎಂಬುದನ್ನು ಓದುಗರೇ ಕಳೆದು ನೋಡಿಕೊಳ್ಳಬಹುದು. ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತವಿರುವುದರಿಂದ ಅಂಥ ಪ್ರಶ್ನೆ ಇಲ್ಲದಿರುವುದೇ ಕ್ಷೇಮ.

ಎರಡನೆಯದು ಸಿಗ್ಮಂಡ್ ಫ್ರಾಯ್ಡ್ ವಾದ. 1873ರಲ್ಲಿ, ಶಾಲೆ ಮುಗಿಯುವ ಹೊತ್ತಿಗೆ, ನಿಸರ್ಗದ ಮೇಲೆ ಗಯಟೆ ಬರೆದದ್ದೆಂದು ಹೆಸರಾದ ಪ್ರಬಂಧವನ್ನು ಉಪನ್ಯಾಸವೊಂದರಲ್ಲಿ ಕೇಳಿ ತಾನು ವೈದ್ಯಕೀಯಕ್ಕೆ ಸೇರಿದೆ ಎಂದು ಆತ ಆತ್ಮಕಥನದಲ್ಲಿ ಹೇಳಿಕೊಂಡ. ಡಾಕ್ಟರ್ ಆಗುವ ವಿಶೇಷ ಒಲವು ತನಗೆ ಇರಲಿಲ್ಲ ಎಂದೂ ಅದರಲ್ಲೇ ಒಪ್ಪಿಕೊಂಡ. ಮುಂದೆ ಪ್ರಯೋಗಾಲಯ ಬಿಟ್ಟು ರೋಗಿಗಳ ಕಡೆ ತಿರುಗಿದ್ದು ಕೈಯಲ್ಲಿ ಕಾಸಿಲ್ಲದೆ, ಲಗ್ನ ನಿಶ್ಚಯವಾಗಿದ್ದರಿಂದ. ಇಲ್ಲಿ ಗಮನಿಸಬೇಕಾದ್ದು, ಉಪನ್ಯಾಸ ಕೇಳಿದ್ದು 1873ರಲ್ಲಿ, ಆತ್ಮಕಥನ ಅಚ್ಚಾದದ್ದು 1925ರಲ್ಲಿ. ಅಂತರ 52 ವರ್ಷ. ಗೋಕಾಕ ಜಲಪಾತದ ಎತ್ತರವೂ 52. ಇದು ಕಾಕತಾಳೀಯವಲ್ಲ ಎಂದು ಪ್ರಬಂಧಕಾರರು ನಾಲ್ಕು ಪುಟ ಬರೆದಿದ್ದಾರೆ. ಆ ನಾಲ್ಕು ಪುಟಗಳ ತಿರುಳು ಇಷ್ಟು: ಪ್ರೇರಣೆ ಎಂಬುದು ಮೇಲಿಂದ ಬಿದ್ದ ಎಷ್ಟೋ ಹೊತ್ತಿನ ಮೇಲೆ ಕೆಳಗೆ ಸದ್ದು ಮಾಡುತ್ತದೆ. ಮೊದಲು ಸೀಟು, ಆಮೇಲೆ ಕಾರಣ.

ಮೂರನೆಯದು ಆಲ್ಫ್ರೆಡ್ ಆಡ್ಲರ್ ವಾದ. ಐದು ವರ್ಷದ ಹುಡುಗನಾಗಿದ್ದಾಗ ಎದೆಯ ಬೇನೆ ಬಂದು, ಇವನು ಉಳಿಯುವುದಿಲ್ಲ ಎಂದು ಡಾಕ್ಟರರು ಹೇಳಿದ್ದನ್ನು ಕಿವಿಯಾರೆ ಕೇಳಿ, ಉಳಿದ ಮೇಲೆ ತಾನೇ ಡಾಕ್ಟರ್ ಆಗಬೇಕೆಂದು ಆತ ಹಟ ತೊಟ್ಟನಂತೆ. ಈ ವಾದ ನಮ್ಮ ಸೀಮೆಗೆ ಒಗ್ಗದು. ಇಲ್ಲಿ ಅಂಥ ಮಾತನ್ನು ಡಾಕ್ಟರರು ರೋಗಿಗೆ ಕೇಳಿಸುವಂತೆ ಹೇಳುವುದಿಲ್ಲ. ಹೊರಗೆ ಕರೆದು ಕಾಕಾನಿಗೆ ಹೇಳುತ್ತಾರೆ. ಹಾಗಾಗಿ ಡಾಕ್ಟರ್ ಆಗುವ ಹಟವೇನಾದರೂ ಹುಟ್ಟಿದರೆ ಅದು ಕಾಕಾನಿಗೆ ಹುಟ್ಟುತ್ತದೆ.

ನಾಲ್ಕನೆಯ ಸಾಕ್ಷಿ ಪಶ್ಚಿಮದ ನೆರೆಯಿಂದ ಬಂದದ್ದು. ಕಲ್ಯಾಣದ ಆನಂದಿಬಾಯಿ ಜೋಶಿಗೆ ಹದಿನಾಲ್ಕನೇ ವಯಸ್ಸಿಗೆ ಗಂಡು ಮಗು ಹುಟ್ಟಿ ಹತ್ತು ದಿನಕ್ಕೆ ತೀರಿಕೊಂಡಿತು. ಆಕೆ ಅಮೆರಿಕಕ್ಕೆ ಹಡಗು ಹತ್ತಿ 1886ರಲ್ಲಿ ಎಂ.ಡಿ. ಪದವಿ ಪಡೆದಳು, ಮರುವರ್ಷ ಕ್ಷಯದಿಂದ ತೀರಿಕೊಂಡಳು. ಈ ಉದಾಹರಣೆ ಪಡಸಾಲೆ ಸಿದ್ಧಾಂತಕ್ಕೆ ತೊಡಕು ತರುವುದರಿಂದ ಅದನ್ನು ಅಡಿಟಿಪ್ಪಣಿಗೆ ಇಳಿಸಲಾಗಿದೆ. ಅಡಿಟಿಪ್ಪಣಿಯನ್ನು ಸ್ಥಳಾಭಾವದಿಂದ ಕೈಬಿಡಲಾಗಿದೆ.

ಸಿದ್ಧಾಂತ: ಸಹಕಾರಿ ಪ್ರೇರಣೆ

ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾದ ಕೃಷಿ ಸಹಕಾರ ಸಂಘ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಹುಟ್ಟಿತು. ಆ ಗಾಳಿ ಉತ್ತರಕ್ಕೆ ಬೀಸಿದಾಗ ಹೆಚ್ಚು ತಂಗಿದ್ದು ಘಟಪ್ರಭೆಯ ದಂಡೆಯಲ್ಲಿ. ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ. ಹುಕ್ಕೇರಿಯಲ್ಲಿ 1969ರ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಇಡೀ ರಾಜ್ಯದಲ್ಲಿ ಅಂಥದ್ದು ಅದೊಂದೇ. ಘಟಪ್ರಭಾದಲ್ಲಿ ಆಸ್ಪತ್ರೆಯೂ ಸಹಕಾರಿಯೇ, ಜೆ.ಜಿ. ಸಹಕಾರಿ ಆಸ್ಪತ್ರೆ ಎಂದರೆ ರಿಕ್ಷಾದವನು ಮುಂದೆ ಕೇಳದೆ ಕರೆದೊಯ್ಯುತ್ತಾನೆ. ಸಕ್ಕರೆ, ಕರೆಂಟು, ಸೂಜಿ, ಗುಳಿಗೆ ಎಲ್ಲವೂ ಸಹಕಾರ ತತ್ವದ ಮೇಲೆ ನಡೆಯುವ ಸೀಮೆಯಲ್ಲಿ ಹುಡುಗನ ಮಹತ್ವಾಕಾಂಕ್ಷೆಯೊಂದೇ ಖಾಸಗಿ ಆಗಿರಲು ಹೇಗೆ ಸಾಧ್ಯ?

ಆದ್ದರಿಂದ ಸಿದ್ಧಾಂತ ಹೀಗಿದೆ. ಡಾಕ್ಟರ್ ಆಗುವ ಆಸೆ ಒಂದು ನೋಂದಾಯಿತ ಸಹಕಾರ ಸಂಘ. ಅಪ್ಪ ಚೇರಮನ್. ಕಬ್ಬಿನ ಬಿಲ್ಲು ಷೇರು ಬಂಡವಾಳ. ಸೋದರಮಾವ ವೈಸ್ ಚೇರಮನ್; ಅವನ ಮಗಳಿಗೆ ವರ ನೋಡುವ ಹೊತ್ತಿಗೆ ಲಾಭಾಂಶ ಕೇಳುವ ಹಕ್ಕು ಕಾಯ್ದಿರಿಸಲಾಗಿದೆ. ಅಜ್ಜಿ ಆಜೀವ ಸದಸ್ಯೆ: ‘ನಾ ಸಾಯೂದ್ರಾಗ ನನ್ನ ಮೊಮ್ಮಗ ನನಗ ಸೂಜಿ ಮಾಡಬೇಕ’ ಎಂಬ ಒಂದೇ ಠರಾವನ್ನು ಅವರು ವರ್ಷಕ್ಕೆ ಹನ್ನೆರಡು ಬಾರಿ ಮಂಡಿಸುತ್ತಾರೆ. ಸರ್ವಸಾಧಾರಣ ಸಭೆ ಗಣೇಶ ಚೌತಿಯ ಮಧ್ಯಾಹ್ನ, ಊಟದ ನಂತರ. ಹುಡುಗನಿಗೆ ಹಾಜರಾತಿ ಕಡ್ಡಾಯ, ಮತಾಧಿಕಾರವಿಲ್ಲ.

ಇದಕ್ಕೆ ಚಾರಿತ್ರಿಕ ಆಧಾರವೂ ಉಂಟು. ಲಂಡನ್ನಿಗೆ ಹೊರಡುವ ಮುನ್ನ ಡಾಕ್ಟರಿಕೆ ಓದಬಹುದೇ ಎಂದು ಮೋಹನದಾಸ ಗಾಂಧಿ ಕೇಳಿದಾಗ, ವೈಷ್ಣವರು ಹೆಣ ಕೊಯ್ಯಬಾರದು, ಅಪ್ಪನಿಗೂ ಅದು ಸೇರುತ್ತಿರಲಿಲ್ಲ ಎಂದು ಅಣ್ಣ ತಡೆದರು. ಠರಾವು ಬಿದ್ದುಹೋಯಿತು. ದೇಶಕ್ಕೆ ಒಬ್ಬ ಡಾಕ್ಟರ್ ಕಡಿಮೆಯಾದದ್ದು ರಾಜಕೋಟದ ಒಂದು ಪಡಸಾಲೆಯಲ್ಲಿ.

ಷೇರುಗಳ ವರ್ಗೀಕರಣ

ಅ ವರ್ಗ: ಕೈಗುಣ. ‘ಅವರ ಕೈಗುಣ ಚಲೋ ಐತಿ’ ಎಂಬ ಮಾತಿಗೆ ಈ ಸೀಮೆಯಲ್ಲಿ ಎಂ.ಡಿ. ಪದವಿಗಿಂತ ಹೆಚ್ಚು ಬೆಲೆ. ಮಗು ತೊಟ್ಟಿಲಲ್ಲಿರುವಾಗಲೇ ಅದರ ಬೆರಳು ನೋಡಿ ಕೈಗುಣ ನಿರ್ಧರಿಸುವ ಅತ್ತೆಯರು ಮೂರೂ ತಾಲ್ಲೂಕುಗಳಲ್ಲಿ ಇದ್ದಾರೆ.

ಆ ವರ್ಗ: ಕರದಂಟು. ಕರಿದ ಅಂಟು, ಬೆಲ್ಲ, ಒಣ ಕೊಬ್ಬರಿ, ಗೋಡಂಬಿ, ಉತ್ತತ್ತಿ ಕೂಡಿದ ಈ ಮಿಠಾಯಿ ಬಾಣಂತಿಗೆ ಬಲ ಎಂದು ಗೋಕಾಕದವರು ಹೇಳುತ್ತಾರೆ. ಡಾಕ್ಟರರ ಮನೆಗೆ ಇದು ಡಬ್ಬಿಗಟ್ಟಲೆ ಕಾಣಿಕೆ ಬರುವುದರಿಂದ, ಬಾಣಂತಿಯಾಗದೆಯೂ ಬಲ ಗಳಿಸುವ ವೃತ್ತಿ ಇದೊಂದೇ ಎಂಬ ತಿಳಿವಳಿಕೆ ಮಕ್ಕಳಲ್ಲಿ ಬೇಗ ಮೂಡುತ್ತದೆ.

ಇ ವರ್ಗ: ಕೆಂಪು ಪ್ಲಸ್ಸು. ಮೋಟರ್‌ಸೈಕಲ್ಲಿನ ಮುಂದೆ ಆ ಗುರುತು ಅಂಟಿಸಿದರೆ ನಾಕಾದಲ್ಲಿ ಪೊಲೀಸರು ಕೈ ಅಡ್ಡ ಹಿಡಿಯುವುದಿಲ್ಲ ಎಂಬ ನಂಬಿಕೆ. ಬಿಳಿಯ ಮೇಲಿನ ಆ ಕೆಂಪು ಶಿಲುಬೆ ರೆಡ್‌ಕ್ರಾಸಿನದು. ಅನುಮತಿಯಿಲ್ಲದೆ ಬಳಸುವುದನ್ನು 1960ರ ಜಿನೀವಾ ಒಪ್ಪಂದಗಳ ಕಾಯ್ದೆ ನಿಷೇಧಿಸಿದೆ. ಡಾಕ್ಟರರಿಗೂ ವಿನಾಯಿತಿ ಇಲ್ಲ. ಪ್ರಬಂಧಕಾರರು ಇದನ್ನು ಅಂಟಿಸಿಕೊಂಡಿದ್ದ ಒಬ್ಬ ಯುವಕನಿಗೆ ವಿವರಿಸಿದಾಗ ಆತ, ‘ನಾ ಡಾಕ್ಟರಲ್ರಿ ಸರ್, ನಮ್ಮ ಮಾಮಾ ಕಂಪೌಂಡರ್ ಅದಾರ’ ಎಂದ.

ಘಟಪ್ರಭಾ ಪ್ರಕರಣ

ಈ ಸೀಮೆಗೆ ಔಷಧಿಯ ಆಸೆಯನ್ನು ಸಿನಿಮಾ ಕಲಿಸಲಿಲ್ಲ. ಸ್ವಾತಂತ್ರ್ಯಕ್ಕೂ ಮುಂಚೆಯೇ ಘಟಪ್ರಭಾದಲ್ಲಿ ಡಾ. ಜಿ. ಆರ್. ಕೊಕಟನೂರರ ಕರ್ನಾಟಕ ಆರೋಗ್ಯಧಾಮ ಎದ್ದು ನಿಂತಿತ್ತು. ಹುಬ್ಬಳ್ಳಿಯಲ್ಲಿ ಮೆಡಿಕಲ್ ಕಾಲೇಜು ಬಂದದ್ದು 1957ರಲ್ಲಿ, ಬೆಳಗಾವಿಯಲ್ಲಿ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು ಬಂದದ್ದು 1963ರಲ್ಲಿ. ಅಂದರೆ ಡಾಕ್ಟರರನ್ನು ತಯಾರಿಸುವ ಜಾಗ ಹತ್ತಿರ ಬರುವ ಎಷ್ಟೋ ಮೊದಲೇ ಡಾಕ್ಟರರನ್ನು ನೋಡುವ ಜಾಗ ಇಲ್ಲಿತ್ತು.

ಆರೋಗ್ಯಧಾಮದ ಜೊತೆಗೇ ನೆನೆಯುವ ಇನ್ನೊಂದು ಹೆಸರು ಡಾ. ನಾ. ಸು. ಹರ್ಡೀಕರ. ಇವರ ವಿಷಯದಲ್ಲಿ ಪ್ರಬಂಧಕಾರರ ವರ್ಗೀಕರಣ ಸೋತು ಕೈಚೆಲ್ಲುತ್ತದೆ. ವೈದ್ಯಕೀಯ ಕಲಿತರು. ಅಮೆರಿಕದ ಮಿಶಿಗನ್‌ನಲ್ಲಿ ಸಾರ್ವಜನಿಕ ಆರೋಗ್ಯ ಓದಿದರು. ಅಲ್ಲಿ ಲಾಲಾ ಲಜಪತರಾಯರ ಜೊತೆ ಸೇರಿ ದೇಶದ ಕೆಲಸಕ್ಕೆ ತೊಡಗಿದರು. ತಿರುಗಿ ಬಂದು 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿ ಹುಡುಗರಿಗೆ ಕವಾಯತು ಕಲಿಸಿದರು. 1958ರಲ್ಲಿ ಪದ್ಮಭೂಷಣ ಬಂತು. ನಾಡಿ ಹಿಡಿಯಲು ಕಲಿತ ಕೈ ಬಾವುಟ ಹಿಡಿಯಿತು. ಕಾರಣ ಒಂದಿತ್ತು, ಕೆಲಸ ಇನ್ನೊಂದಾಯಿತು, ಮತ್ತೆ ಆರೋಗ್ಯದ ಕೆಲಸಕ್ಕೇ ಬಂದು ಕೂಡಿತು. ಇಂಥವರನ್ನು ಯಾವ ವರ್ಗಕ್ಕೆ ಸೇರಿಸಬೇಕೆಂದು ತಿಳಿಯದೆ ಪ್ರಬಂಧಕಾರರು ‘ಇತರೆ’ ಎಂಬ ಖಾನೆ ತೆರೆದರು. ಆಮೇಲೆ ನೋಡಿದರೆ ಗಟ್ಟಿ ಹೆಸರುಗಳೆಲ್ಲ ‘ಇತರೆ’ಯಲ್ಲೇ ತುಂಬಿಕೊಂಡಿದ್ದವು.

ಮನಶ್ಶಾಸ್ತ್ರ ಪ್ರಕರಣ

ಮಗಳು ‘ಸೈಕಾಲಜಿ ಓದ್ತೀನಿ’ ಎಂದಾಗ ಹುಕ್ಕೇರಿ ಕಡೆಯ ಒಂದು ಪಡಸಾಲೆಯಲ್ಲಿ ನಡೆದ ವಿಚಾರಣೆಯನ್ನು ಯಥಾವತ್ತಾಗಿ ಕೊಟ್ಟಿದೆ.

‘ಅಂದ್ರ ಗುಳಿಗಿ ಕೊಡ್ತಾರೇನವಾ?’
‘ಇಲ್ಲ ಕಾಕಾ, ಗುಳಿಗಿ ಸೈಕಿಯಾಟ್ರಿಸ್ಟ್ ಬರೀತಾರ. ಅವ್ರು ಎಂಬಿಬಿಎಸ್ ಮಾಡಿರ್ತಾರ.’
‘ಸೂಜಿ?’
‘ಅದೂ ಇಲ್ಲ.’
‘ಮತ್ತೇನ್ ಮಾಡ್ತಾರ?’
‘ಮಂದಿ ಹೇಳೂದು ಕೇಳ್ತಾರ. ಮಾತಾಡ್ತಾರ.’
‘ರೊಕ್ಕಾ ತೊಗೋತಾರ?’
‘ಹೂಂ.’
‘ಹಂಗಾರ ವಕೀಲಕಿ ಅನ್ನವಾ. ಅಷ್ಟಕ್ಕ ಅಂಜ್ತಿ ಯಾಕ?’

ಈ ಸೀಮೆಯಲ್ಲಿ ಮನಸ್ಸಿನ ಬೇನೆಗೆ ಒಂದೇ ವಿಳಾಸವಿತ್ತು. ಯಾರಾದರೂ ತಿಕ್ಕಲು ಮಾತಾಡಿದರೆ ‘ಇವನ್ನ ಧಾರವಾಡಕ್ಕ ಕಳಸ್ರೆಪಾ’ ಎನ್ನುತ್ತಿದ್ದರು. ಅಲ್ಲಿ 1845ರಲ್ಲಿ ಶುರುವಾದ ಹುಚ್ಚಾಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆ. ವಿಶ್ವವಿದ್ಯಾಲಯಕ್ಕೂ ಸಾಹಿತ್ಯಕ್ಕೂ ಹೆಸರಾದ ಊರಿಗೆ ಕಳುಹಿಸುವ ಮಾತು ಬೈಗುಳವಾದದ್ದು ಹೀಗೆ. ಈಗ ‘ಮನೋಚೈತನ್ಯ’ ಯೋಜನೆಯಲ್ಲಿ ಮನೋವೈದ್ಯರೇ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬಂದು ಕೂರುವ ಏರ್ಪಾಡಿದೆ. ಹೇಳಿಕೆ ಕೇಳಲು ದೇವಿಯ ಗುಡಿಗೆ ಹೋಗುವ ವಾರವೂ ಮಂಗಳವಾರವೇ. ಎರಡೂ ಕಡೆ ಪಾಳಿ ಹಚ್ಚಿ ಬರುವವರಿಗೆ ಬಸ್ಸಿನ ಖರ್ಚು ಒಂದೇ ಎಂಬುದನ್ನು ಸರ್ಕಾರ ಲೆಕ್ಕ ಹಾಕಿತ್ತೋ ಇಲ್ಲವೋ.

ಮನಶ್ಶಾಸ್ತ್ರಜ್ಞರ ಪ್ರೇರಣೆ ಕೇಳುವುದೇ ಎಂಬ ನಂಬಿಕೆಗೂ ಕರ್ನಾಟಕದ ಚರಿತ್ರೆ ಬೆಂಬಲ ಕೊಡುವುದಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದ ಪ್ರೊ. ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಹೂಡಿದರು. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಅಲ್ಲಿಂದ. ಹನ್ನೊಂದು ವರ್ಷ ಮನಸ್ಸಿನ ಮಾತು ಕೇಳಿದ ಮೇಲೆ ತಾವೂ ಏನಾದರೂ ಹೇಳಬೇಕೆನಿಸಿರಬೇಕು. ಡಾ. ಎಂ. ಶಿವರಾಂ ಅವರದು ಇನ್ನೂ ವಿಚಿತ್ರ. ಹೊಟ್ಟೆಪಾಡಿಗೆ ಡಾಕ್ಟರು, ‘ರಾಶಿ’ ಎಂಬ ಹೆಸರಿನಲ್ಲಿ 1942ರಿಂದ ‘ಕೊರವಂಜಿ’ ಎಂಬ ನಗೆ ಮಾಸಿಕದ ಸಂಪಾದಕರು, 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮನಸ್ಸಿನ ಬಗ್ಗೆ ಬರೆದ ‘ಮನಮಂಥನ’ಕ್ಕೆ. ಇಬ್ಬರನ್ನೂ ‘ಇತರೆ’ ಖಾನೆಗೆ ಕಳುಹಿಸಲಾಗಿದೆ.

ಸಂಶೋಧನೆಯ ಮಿತಿಗಳು

ಕ್ಷೇತ್ರಕಾರ್ಯದ ಕೊನೆಯ ದಿನ ಪ್ರಬಂಧಕಾರರು ಮೂಡಲಗಿ ಹತ್ತಿರದ ಒಂದು ಮನೆಗೆ ಹೋಗಿದ್ದರು. ಪಿಯುಸಿ ಓದುವ ಹುಡುಗಿ. ‘ಡಾಕ್ಟರ್ ಯಾಕ ಆಗಬೇಕಂತಿ ತಂಗಿ?’ ಎಂದು ಕೇಳಿದರು. ಆಕೆ ಎದ್ದು ನಿಂತು, ಗ್ರಂಥಭಾಷೆಯಲ್ಲಿ, ‘ಬಡಜನರ ಸೇವೆ ಮಾಡಬೇಕೆಂಬುದು ನನ್ನ ಗುರಿ’ ಎಂದಳು. ಅಪ್ಪ ತಲೆಯಾಡಿಸಿದ. ಅ ವರ್ಗದ ಷೇರು ಎಂದು ಪ್ರಬಂಧಕಾರರು ಗುರುತು ಹಾಕಿಕೊಂಡರು.

ಚಹಾ ಬರುವ ತನಕ ಆಕೆ ಕೂತು ತನ್ನ ಕೆಲಸ ಮುಂದುವರಿಸಿದಳು. ಎದುರಿಗೆ ಕರದಂಟಿನ ಹಳೆಯ ಡಬ್ಬಿ, ನಡುವೆ ರಟ್ಟು ನಿಲ್ಲಿಸಿ ಎರಡು ಮನೆ ಮಾಡಿದ್ದು. ಒಂದರ ಒಳಮೈಗೆ ಬಾಲ್‌ಪೆನ್ನಿನಲ್ಲಿ ಸೂರ್ಯ, ಇನ್ನೊಂದಕ್ಕೆ ಚಂದ್ರ. ಅಜ್ಜಿಗೆ ಓದಲು ಬರುವುದಿಲ್ಲ. ಬಿ.ಪಿ.ಯ ಗುಳಿಗೆ, ಸಕ್ಕರೆ ಬೇನೆಯ ಗುಳಿಗೆ, ಎರಡೂ ಬೆಳ್ಳಗೆ, ದುಂಡಗೆ, ಒಂದೇ ಅಳತೆ. ಹೋದ ವರ್ಷ ಅಜ್ಜಿ ಒಂದರ ಬದಲು ಇನ್ನೊಂದು ನುಂಗಿ ಬಾವಿಕಟ್ಟೆಯ ಹತ್ತಿರ ಬಿದ್ದಿದ್ದರು. ಅಂದಿನಿಂದ ಹುಡುಗಿ ಪ್ರತಿ ಆದಿತ್ಯವಾರ ಕತ್ತರಿ ಹಿಡಿದು ಹಾಳೆಯಿಂದ ಒಂದೊಂದೇ ಗುಳಿಗೆಯನ್ನು ಬಿಡಿಸದಂತೆ ಕತ್ತರಿಸುತ್ತಾಳೆ. ಸಕ್ಕರೆಯದರ ಮೂಲೆಯನ್ನು ಮಾತ್ರ ಚೂಪಾಗಿ ಬಿಡುತ್ತಾಳೆ. ಕಣ್ಣು ಮಂಜಾದರೂ ಅಜ್ಜಿಯ ಬೆರಳಿಗೆ ಚುಚ್ಚಿ ಗೊತ್ತಾಗಲಿ ಎಂದು.

‘ಇದೇನವಾ?’ ಎಂದರು ಪ್ರಬಂಧಕಾರರು.

‘ಏನಿಲ್ರಿ ಸರ್, ಅಜ್ಜೀವು’ ಎಂದು ಆಕೆ ಡಬ್ಬಿಯನ್ನು ಬದಿಗೆ ಸರಿಸಿ ಚಹಾಕ್ಕೆ ಜಾಗ ಮಾಡಿದಳು. ಪ್ರಬಂಧಕಾರರು ಟಿಪ್ಪಣಿ ಪುಸ್ತಕ ತೆರೆದು ತಾರೀಖು ಬರೆದು, ಮುಂದೆ ‘ಗೃಹಕೃತ್ಯ, ವಿಷಯಕ್ಕೆ ಸಂಬಂಧಿಸಿದ್ದಲ್ಲ’ ಎಂದು ಷರಾ ಹಾಕಿದರು.