ಚಿಕ್ಕನರಗುಂದದ ಕಳ್ಳಿಗಳ ಮೂಲಪ್ರತಿ-ವಿಚಾರ

ಪಂಪನ ಜನ್ಮಸ್ಥಳ ಯಾವುದು, ಕವಿರಾಜಮಾರ್ಗದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಪ್ರಶ್ನೆಗಳಿಗಾಗಿ ನಮ್ಮ ಪಂಡಿತರು ತಮ್ಮ ಕಣ್ಣಿನ ಬೆಳಕನ್ನೂ ಮುದ್ರಣಾಲಯದವರ ತಾಳ್ಮೆಯನ್ನೂ ಧಾರಾಳವಾಗಿ ವ್ಯಯಮಾಡಿರುವರಾದರೂ, ನರಗುಂದ ತಾಲೂಕಿನ ಚಿಕ್ಕನರಗುಂದವೆಂಬ ಗ್ರಾಮದಲ್ಲಿ, ನಮ್ಮ ಮನೆಯ ಮಾಳಿಗೆಯ ಮೇಲೆ, ಬಾಯಿ ಒಡೆದ ಹರವಿ, ತಳ ತೂತಾದ ಕೊಡ, ಒಳ್ಳೆಣ್ಣೆಯ ಡಬ್ಬಿ, ಒಂದಾನೊಂದು ಕಾಲದಲ್ಲಿ ನನ್ನ ಸ್ನಾನದ ತಂಬಿಗೆಯಾಗಿದ್ದು ನನ್ನ ಅನುಮತಿಯಿಲ್ಲದೆ ಪದಚ್ಯುತವಾದ ಹಿತ್ತಾಳೆಯ ಪಾತ್ರೆ ಇವೇ ಮುಂತಾದವುಗಳಲ್ಲಿ ವಾಸಮಾಡುತ್ತಿರುವ ನಾಲ್ವತ್ತೇಳು ಕಳ್ಳಿಗಳಲ್ಲಿ ಮೂಲವಾವುದು, ಪ್ರತಿಯಾವುದು ಎಂಬ ಪ್ರಶ್ನೆಯನ್ನು ಈವರೆಗೆ ಒಬ್ಬ ವಿದ್ವಾಂಸನೂ ಎತ್ತಿಲ್ಲ. ಈ ಲೋಪವನ್ನು ತುಂಬುವುದಕ್ಕೆ ನಾನು ಪ್ರವೃತ್ತನಾದೆನು. ನಿವೃತ್ತನಾದ ಶಾಲಾಮಾಸ್ತರನಿಗೆ ಮುಂಜಾನೆಯ ಚಹದ ತರುವಾಯ ಬೇರೆ ಉದ್ಯೋಗವಿಲ್ಲವೆಂದು ನಮ್ಮ ಮನೆಯಾಕೆ ಹೇಳುವುದುಂಟು. ಆ ಮಾತು ಶಾಸ್ತ್ರಕ್ಕೆ ಸಂಬಂಧಿಸಿದುದಲ್ಲ.

ಮೊದಲು ಲಕ್ಷಣವಿಚಾರ. ಕನ್ನಡದಲ್ಲಿ ‘ಕಳ್ಳಿ’ ಎಂಬ ಒಂದೇ ಶಬ್ದವು ಮುಳ್ಳಿನ ಗಿಡಕ್ಕೂ ಕಳವು ಮಾಡುವ ಹೆಂಗಸಿಗೂ ಸಲ್ಲುವುದು. ನಿಘಂಟುಕಾರರು ಇವೆರಡೂ ಬೇರೆ ಬೇರೆ ಧಾತುಗಳಿಂದ ಬಂದುವೆಂದು ಹೇಳಿ ಕೈತೊಳೆದುಕೊಳ್ಳುವರು. ಆದರೆ ಅವರಲ್ಲಿ ಯಾರೊಬ್ಬರೂ ಮನೆಯಲ್ಲಿ ಕಳ್ಳಿಯನ್ನು ಬೆಳೆಸಿದವರಲ್ಲವೆಂಬುದು ಸ್ಪಷ್ಟ. ಬೆಳೆಸಿದ್ದರೆ ಆ ಎರಡು ಅರ್ಥಗಳು ಒಂದೇ ಮಾಳಿಗೆಯ ಮೆಟ್ಟಿಲನ್ನು ಹತ್ತಿ ಇಳಿಯುವುದನ್ನು ಕಣ್ಣಾರೆ ಕಾಣುತ್ತಿದ್ದರು. ಇನ್ನು ವಸ್ತುಸ್ಥಿತಿಯನ್ನು ವಿಚಾರಿಸುವುದಾದರೆ, ನಮ್ಮ ಹೊಲಗಳ ಬದುವಿನ ಮೇಲೆ ಅಜ್ಜಮುತ್ತಜ್ಜರ ಕಾಲದಿಂದ ನಿಂತಿರುವ ಎಲೆಗಳ್ಳಿ, ಬೊಂತೆಗಳ್ಳಿಗಳು ಪಾಶ್ಚಾತ್ಯರು ‘ಕ್ಯಾಕ್ಟಸ್’ ಎನ್ನುವ ಕುಲಕ್ಕೆ ಸೇರಿದವುಗಳೇ ಅಲ್ಲ. ಅವು ಯೂಫೋರ್ಬಿಯಾ ಎಂಬ ಬೇರೊಂದು ವಂಶದವು. ಚುಚ್ಚಿದರೆ ಬೆಳ್ಳಗೆ ಹಾಲು ಸುರಿಸುವುವು, ಆ ಹಾಲು ಕಣ್ಣಿಗೆ ತಾಗಿದರೆ ಮನುಷ್ಯನು ದವಾಖಾನೆಯ ದಾರಿ ಹಿಡಿಯಬೇಕಾಗುವುದು. ಆಯುರ್ವೇದದವರು ಇವುಗಳಲ್ಲೊಂದನ್ನು ‘ಸ್ನುಹೀ’ ಎಂದು ಕರೆದು, ಅದರ ಹಾಲನ್ನು ದಾರಕ್ಕೆ ಲೇಪಿಸಿ ಕ್ಷಾರಸೂತ್ರವನ್ನು ಮಾಡಿ, ಹೇಳಿಕೊಳ್ಳಲಾಗದ ಜಾಗದ ವ್ಯಾಧಿಗಳಿಗೆ ಪ್ರಯೋಗಿಸುವರು. ನಿಜವಾದ ಕ್ಯಾಕ್ಟಸ್ ಕುಲವೆಲ್ಲ ಅಮೆರಿಕಾ ಖಂಡದ್ದು. ಒಂದೇ ಒಂದು ಜಾತಿ ಮಾತ್ರ ಹೇಗೋ ಸಮುದ್ರವನ್ನು ದಾಟಿ ಆಫ್ರಿಕಾದಲ್ಲಿಯೂ ಸಿಂಹಳದಲ್ಲಿಯೂ ನೆಲೆಯೂರಿದೆ. ಈ ಕುಲದ ಮುಳ್ಳುಗಳು ಮೆತ್ತನೆಯ ಒಂದು ಗದ್ದಿಗೆಯಿಂದ ಗೊಂಚಲಾಗಿ ಹೊರಡುವುವು, ಗದ್ದಿಗೆಯಿಲ್ಲದ್ದು ಕ್ಯಾಕ್ಟಸ್ಸಲ್ಲ. ಆ ಹೆಸರಾದರೂ ಅದರ ಸ್ವಂತದ್ದೇ? ಗ್ರೀಕರು ಯಾವುದೋ ಮುಳ್ಳುಗಿಡವೊಂದಕ್ಕೆ ಇಟ್ಟಿದ್ದ ‘ಕಾಕ್ಟೋಸ್’ ಎಂಬ ಹೆಸರನ್ನು ೧೭೫೩ರಲ್ಲಿ ಲಿನೇಯಸ್ ಎಂಬ ಸ್ವೀಡನ್ನಿನ ಪಂಡಿತನು ಎತ್ತಿಕೊಂಡು ಅಮೆರಿಕದ ಗಿಡಗಳಿಗೆ ತೊಡಿಸಿದನು. ಹೆಸರೇ ಕದ್ದ ಮಾಲಾದ ಮೇಲೆ ‘ಕಳ್ಳಿ’ ಶಬ್ದದ ವಿಷಯದಲ್ಲಿ ನನ್ನ ನಿರುಕ್ತಿಯನ್ನು ಅಲ್ಲಗಳೆಯುವವರು ಯಾರು?

ಈ ವಿದೇಶೀಯರಲ್ಲಿ ನಮ್ಮ ಸೀಮೆಗೆ ಅತ್ಯಂತ ಪರಿಚಿತವಾದುದು ಪಾಪಾಸುಕಳ್ಳಿ, ಜನರ ಬಾಯಲ್ಲಿ ಡಬ್ಬಗಳ್ಳಿ. ಪಾಪಾಸೆಂದರೆ ಕೆರ, ಅದರ ಒಂದೊಂದು ಹಲ್ಲೆಯೂ ಕೆರದ ಅಟ್ಟೆಯಂತೆ ಇರುವುದರಿಂದ ಈ ನಾಮಧೇಯ. ಕಾಲಿಗೆ ಹಾಕಿಕೊಳ್ಳಲು ಸರ್ವಥಾ ಅಯೋಗ್ಯವಾದ ವಸ್ತುವಿಗೆ ಕೆರದ ಹೆಸರಿಟ್ಟವನು ನನಗಿಂತ ದೊಡ್ಡ ವಿಡಂಬನಕಾರನೆಂದು ಒಪ್ಪಬೇಕು. ಇದರ ಚರಿತ್ರೆಯು ಕಚೇರಿಯ ಕಡತದಷ್ಟೇ ಗೋಜಲಾದುದು. ಕಡುಗೆಂಪು ಬಣ್ಣವನ್ನು ಕೊಡುವ ಕೊಚಿನೀಲ್ ಹುಳುವಿನ ವ್ಯಾಪಾರವನ್ನು ಸ್ಪೇನಿನವರ ಮುಷ್ಟಿಯಿಂದ ಬಿಡಿಸಿಕೊಳ್ಳಬೇಕೆಂದು ಈಸ್ಟ್ ಇಂಡಿಯಾ ಕಂಪನಿಯವರು ಹವಣಿಸುತ್ತಿರಲು, ೧೭೯೫ರಲ್ಲಿ ಬ್ರೆಜಿಲ್ಲಿನಿಂದ ಹುಳುಗಳು ಬಂದುವು. ಬಂದದ್ದು ಮಾತ್ರ ಬೇಕಾದ ಹುಳುವಲ್ಲ, ಅದರ ದಾಯಾದಿ. ಬಣ್ಣವು ಕಳಪೆಯಾಯಿತು, ಹಸಿವು ಉತ್ಕೃಷ್ಟವಾಯಿತು. ಅದು ಒಂದು ಜಾತಿಯ ಪಾಪಾಸುಕಳ್ಳಿಯನ್ನು ಹೆಚ್ಚುಕಡಿಮೆ ನಿರ್ನಾಮಮಾಡಿತು. ಉಳಿದ ಇನ್ನೊಂದು ಜಾತಿಯು ದಕ್ಷಿಣದ ಹೊಲ ಗೋಮಾಳಗಳನ್ನೆಲ್ಲ ಆಕ್ರಮಿಸಲಾಗಿ, ೧೯೨೬ರಲ್ಲಿ ಸಿಂಹಳದಿಂದ ಮತ್ತೊಂದು ಹುಳುವನ್ನು ಬೇಕೆಂದೇ ಕರೆತಂದು ಅದರ ಮೇಲೆ ಬಿಟ್ಟರು. ಕೆಲವೇ ವರ್ಷಗಳಲ್ಲಿ ಆ ಬೇಲಿಗಳು ಕರಗಿಹೋದುವು. ಹಾಗೆ ಕರಗದೆ ತಪ್ಪಿಸಿಕೊಂಡ ಒಂದು ಸಂತತಿಯ ಎರಡು ಹಲ್ಲೆಗಳು ನಮ್ಮ ಮಾಳಿಗೆಯಲ್ಲಿವೆ. ದೊಡ್ಡ ಮುಳ್ಳುಗಳನ್ನು ಗೌರವಿಸಿ, ಅವುಗಳ ಬುಡದ ಹಳದಿ ನವಿರನ್ನು ರೇಷ್ಮೆಯೆಂದು ಭ್ರಮಿಸಿ, ತೋರುಬೆರಳಿನಿಂದ ನೇವರಿಸಿದ ಅಧ್ಯಯನದ ಫಲವಾಗಿ ನಾನು ಒಂದು ಸಂಜೆಯೆಲ್ಲ ಪಡಸಾಲೆಯಲ್ಲಿ ದೀಪದ ಕೆಳಗೆ ಕೈಚಾಚಿ ಕುಳಿತಿರಬೇಕಾಯಿತು. ಆ ನವಿರುಗಳಿಗೆ ತುದಿಯಲ್ಲಿ ಹಿಂದುಮುಂದಾದ ಕೊಕ್ಕೆಗಳಿರುವುವು. ಹೋಗುವಾಗ ಸಲೀಸು, ಬರುವಾಗ ಹಟ. ಮನೆಯಾಕೆಯು ಚಿಮಟದಿಂದ ಒಂದೊಂದನ್ನಾಗಿ ಕೀಳುತ್ತ, ‘ಓದಿದವರಿಗೆ ಮುಟ್ಟಿ ನೋಡೂದ ಯಾಕ ಬೇಕಾಗಿತ್ತು, ಪುಸ್ತಕದಾಗ ಬರದಿರಲಿಲ್ಲೇನು?’ ಎಂದು ಕೇಳಿದಳು. ಪುಸ್ತಕದಲ್ಲಿ ಬರೆದಿತ್ತು. ನಾನು ಆ ಪುಟವನ್ನು ಮರುದಿನ ಓದಿದೆನು.

ಭೂಮಿಕಾವಿಚಾರವು ನಮ್ಮ ಊರಿನ ಮಟ್ಟಿಗೆ ಅತ್ಯಂತ ಗಂಭೀರವಾದುದು. ಚಿಕ್ಕನರಗುಂದದ ಸುತ್ತಮುತ್ತ ಕಣ್ಣು ಹಾಯುವವರೆಗೆ ಎರೆಭೂಮಿ. ಬಿಳಿಜೋಳಕ್ಕೂ ಕಡಲೆಗೂ ಹತ್ತಿಗೂ ತಾಯಿಯಂಥ ನೆಲ. ಒಮ್ಮೆ ನೀರು ಕುಡಿಯಿತೆಂದರೆ ತಿಂಗಳುಗಟ್ಟಲೆ ಬಿಡದೆ ಹಿಡಿದಿಟ್ಟುಕೊಂಡು, ಹಿಂಗಾರಿಯ ಬೆಳೆಯನ್ನು ಇಬ್ಬನಿಯ ನೆರವಿನಿಂದಲೇ ದಡ ಸೇರಿಸುವುದು. ಬೇಸಿಗೆಯಲ್ಲಿ ಬಿರಿದು, ಕರುವಿನ ಕಾಲು ಸಿಕ್ಕಿಕೊಳ್ಳುವಷ್ಟು ಬಾಯ್ಬಿಡುವುದು. ನೀರನ್ನು ಹಿಡಿದಿಡುವ ಈ ಗುಣವೇ ಕಳ್ಳಿಗೆ ಯಮಪಾಶ. ಮೈತುಂಬ ನೀರು ಹೊತ್ತು ನಿಂತ ಗಿಡದ ಕಾಲಬುಡದಲ್ಲಿ ಸದಾ ನೀರು ನಿಂತರೆ, ಎರಡು ಕೊಡಗಳ ನಡುವೆ ಸಿಕ್ಕಿದ ನೀರೆಯಂತೆ ಅದು ಎತ್ತಲೂ ಚಲಿಸಲಾರದೆ ಬೇರಿನಿಂದ ಕೊಳೆಯತೊಡಗುವುದು. ಆದುದರಿಂದ ಎರೆಮಣ್ಣನ್ನು ಒಂದು ಮುಷ್ಟಿಗಿಂತ ಹೆಚ್ಚು ಬಳಸಕೂಡದು. ಉಳಿದಂತೆ ಗರಸು, ಹಳ್ಳದ ದಪ್ಪ ಉಸುಕು, ಒಡೆದ ಹಂಚಿನ ಚೂರು, ಒಲೆಯ ಇದ್ದಿಲು. ಊರಿಗೆಲ್ಲ ಅನ್ನ ಹಾಕುವ ಮಣ್ಣನ್ನು ಬಿಟ್ಟು ಗರಸಿಗಾಗಿ ಗಜೇಂದ್ರಗಡದ ಗುಡ್ಡದ ಕಡೆಯಿಂದ ಬರುವ ಬೀಗರಿಗೆ ಚೀಲ ಕೊಟ್ಟು ಕಳಿಸುವುದನ್ನು ಕಂಡು, ನಮ್ಮ ಕಾಕಾ ಅವರು ‘ಕಲ್ಲು ತರಸಾಕ ರೊಕ್ಕ ಕೊಡೋ ಮನಿ ಇದೊಂದ’ ಎಂದು ಕಟ್ಟೆಯ ಮೇಲೆ ಘೋಷಿಸಿದರು. ನೀರಿನ ವಿಷಯದಲ್ಲಿ ಮಾತ್ರ ಈ ಗಿಡಗಳಿಗೂ ಊರವರಿಗೂ ಪೂರ್ಣವಾದ ಸಮಾನಧರ್ಮವುಂಟು. ಮಲಪ್ರಭೆಯ ಕಾಲುವೆಯ ತುದಿಯ ಹೊಲದವನೂ, ಮಹದಾಯಿಯ ನೀರಿಗಾಗಿ ೨೦೧೫ರ ಜುಲೈ ತಿಂಗಳಿನಿಂದ ನರಗುಂದದಲ್ಲಿ ವರ್ಷಗಟ್ಟಲೆ ಧರಣಿ ಕುಳಿತವನೂ, ನೀರಿಗಾಗಿ ಕಾಯುವ ವಿದ್ಯೆಯಲ್ಲಿ ಮೆಕ್ಸಿಕೋ ದೇಶದ ಯಾವ ಕಳ್ಳಿಗೂ ಪಾಠ ಹೇಳಬಲ್ಲನು. ಕಳ್ಳಿಯು ಕೂಗುವುದಿಲ್ಲ, ಇವನು ಕೂಗುವನು, ಭೇದವಿಷ್ಟೇ.

ಇನ್ನು ಪ್ರಯೋಗಭಾಗ. ಬೆಂಜಮಿನ್ ಹೇನ್ ಎಂಬ ಸಸ್ಯಶಾಸ್ತ್ರಜ್ಞನು ಕಂಪನಿಯ ಸೇವೆಯಲ್ಲಿದ್ದು, ಬೆಂಗಳೂರಿನ ಲಾಲ್‌ಬಾಗಿನ ಹೊಣೆಯನ್ನೂ ಕೆಲಕಾಲ ಹೊತ್ತವನು. ೧೮೧೫ರಲ್ಲಿ ಲಂಡನ್ನಿನ ಲಿನೇಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾದ ಅವನ ಪತ್ರವೊಂದರಲ್ಲಿ, ಕಾಡುಬಸಳೆಯ ಎಲೆಯು ಮುಂಜಾನೆ ಹುಳಿಯಾಗಿಯೂ, ಮಧ್ಯಾಹ್ನ ಸಪ್ಪೆಯಾಗಿಯೂ, ಸಂಜೆಗೆ ತುಸು ಕಹಿಯಾಗಿಯೂ ಇರುವುದೆಂಬ ವಿಚಿತ್ರ ಸಂಗತಿಯು ವರದಿಯಾಗಿದೆ. ಜಗತ್ತಿನ ಸಸ್ಯವಿಜ್ಞಾನವು ಇದನ್ನು ಆಧಾರವಾಗಿಟ್ಟುಕೊಂಡು ಕಾಲಾಂತರದಲ್ಲಿ ಕಂಡುಕೊಂಡುದೇನೆಂದರೆ, ಇಂಥ ದಪ್ಪೆಲೆಯ ಗಿಡಗಳು ಹಗಲಿನ ಬಿಸಿಲಿಗೆ ಬಾಗಿಲು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ಮಾತ್ರ ಪತ್ರರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲಾಮ್ಲವನ್ನು ಒಳಗೆ ಕರೆದುಕೊಂಡು, ಅದನ್ನು ಹುಳಿಯ ರೂಪದಲ್ಲಿ ಹಗೇವಿನಲ್ಲಿ ಜೋಳ ತುಂಬಿದಂತೆ ತುಂಬಿಟ್ಟು, ಹಗಲು ಸೂರ್ಯನ ಬೆಳಕಿನಲ್ಲಿ ಅದನ್ನು ತೆಗೆತೆಗೆದು ಅಡುಗೆ ಮಾಡಿಕೊಳ್ಳುವುವು ಎಂಬುದು. ನಾನು ಈ ಪ್ರಯೋಗವನ್ನು ನಮ್ಮ ಮಾಳಿಗೆಯಲ್ಲಿ ಪುನರಾವರ್ತಿಸಿದೆನು. ಬೆಳಗಿನ ಆರು ಗಂಟೆಗೆ ಒಂದು ಎಲೆ: ಹುಣಸೆಯ ಚಿಗುರಿನಂತೆ ಹಲ್ಲು ಜುಂ ಎಂದಿತು. ಹನ್ನೆರಡು ಗಂಟೆಗೆ ಒಂದು ಎಲೆ: ತೊಯ್ದ ಕಾಗದ. ಸಂಜೆಯ ಎಲೆಯನ್ನು ಬಾಯಿಗಿಡುವಷ್ಟರಲ್ಲಿ ಮೆಟ್ಟಿಲ ಮೇಲೆ ಮನೆಯಾಕೆಯ ಹೆಜ್ಜೆಯ ಸಪ್ಪಳವಾದುದರಿಂದ, ಕಹಿಯ ವಿಷಯವನ್ನು ಹೇನ್ ಸಾಹೇಬನ ಮಾತಿನ ಮೇಲೆಯೇ ಬಿಟ್ಟಿದ್ದೇನೆ. ಇಷ್ಟರಮಟ್ಟಿಗೆ ಈ ಪ್ರಬಂಧವು ಅಪೂರ್ಣ.

ಕಾಡುಬಸಳೆಗೆ ಸಂಸ್ಕೃತದಲ್ಲಿ ‘ಪರ್ಣಬೀಜ’ವೆಂಬ ಹೆಸರುಂಟು. ಕೆಳಗೆ ಬಿದ್ದ ಎಲೆಯ ಅಂಚಿನ ಒಂದೊಂದು ಕಚ್ಚಿನಲ್ಲಿಯೂ ಒಂದೊಂದು ಮರಿ, ಎರಡೆರಡು ಎಲೆ, ನೂಲಿನಂಥ ಬೇರು. ಜರ್ಮನಿಯ ಮಹಾಕವಿ ಗಯಟೆಯು ಈ ಎಲೆಗಳಿಗೆ ಮರುಳಾಗಿ, ಅವುಗಳ ಮರಿಗಳನ್ನು ಮಿತ್ರರಿಗೆಲ್ಲ ಹಂಚುತ್ತಿದ್ದನು. ಕವಿಯಾದುದರಿಂದ ಅವನು ಕೊಟ್ಟೇ ಕೊಟ್ಟನು. ಚಿಕ್ಕನರಗುಂದದಲ್ಲಾದರೆ ಗಿಡದ ಸಂಕ್ರಮಣಕ್ಕೆ ಮೂರು ಮಾರ್ಗಗಳುಂಟು: ದತ್ತ, ಯಾಚಿತ, ಅಪಹೃತ. ಮಗಳು ಗಂಡನ ಮನೆಗೆ ಹೊರಟಾಗ ಉಡಿಯಕ್ಕಿಯ ಬದಿಯಲ್ಲಿ ಸೇರಿಕೊಳ್ಳುವ ಲೋಳೆಸರದ ಮರಿಯು ದತ್ತ. ಚಹ ಕುಡಿದು ಬಾಗಿಲಲ್ಲಿ ನಿಂತು ‘ಭಾಳ ಚಂದ ಬಂದೈತಿ ನೋಡ್ರಿ ವೈನಿ’ ಎಂದು ಮೂರು ಸಲ ಹೊಗಳಿದ ಮೇಲೆ ಸಿಕ್ಕುವುದು ಯಾಚಿತ. ಅಪಹೃತವು ಈ ಮೂರರಲ್ಲಿ ಶ್ರೇಷ್ಠವೆಂದು ಊರಿನ ಏಕಾಭಿಪ್ರಾಯ. ಕೇಳಿ ತಂದದ್ದು ಹತ್ತುವುದಿಲ್ಲ, ಕದ್ದು ತಂದದ್ದು ಸಾಯುವುದಿಲ್ಲ ಎಂಬ ಸಿದ್ಧಾಂತವನ್ನು ಒಪ್ಪದ ಒಂದು ಮನೆಯೂ ನಮ್ಮ ಓಣಿಯಲ್ಲಿಲ್ಲ. ಲೋಳೆಸರದ ವಿಷಯದಲ್ಲಿ ಇನ್ನೂ ಒಂದು ಮಾತು: ದೃಷ್ಟಿ ತಾಗದಿರಲೆಂದು ಅದನ್ನು ಬೇರುಸಹಿತ ಕಿತ್ತು, ತಲೆಕೆಳಗಾಗಿ ತಲಬಾಗಿಲಿಗೆ ಕಟ್ಟುವರಷ್ಟೆ, ಮಣ್ಣಿಲ್ಲದೆ, ನೀರಿಲ್ಲದೆ, ತಲೆಕೆಳಗಾಗಿ ನೇತಾಡುತ್ತ ತಿಂಗಳುಗಟ್ಟಲೆ ಹಸಿರಾಗಿರುವ ಆ ‘ಕುಮಾರಿ’ಯನ್ನು ಕಂಡಾಗಲೆಲ್ಲ, ಪಿಂಚಣಿ ಮಂಜೂರಾಗುವ ಮುನ್ನಿನ ನನ್ನ ದಿನಗಳು ನೆನಪಾಗುವುವು.

ಪ್ರಕ್ಷಿಪ್ತಭಾಗಗಳ ವಿಚಾರವನ್ನು ಸಂಕ್ಷೇಪಿಸುವೆನು. ಪೇಟೆಯ ಸಸಿಮಡಿಯೊಂದರಿಂದ ನಾನು ಕೈಯಾರೆ ರೊಕ್ಕ ಕೊಟ್ಟು ತಂದ, ಹಸಿರು ಕಾಂಡದ ಮೇಲೆ ಕೆಂಪು ಚೆಂಡನ್ನಿಟ್ಟಂತಿದ್ದ ಒಂದು ಕಳ್ಳಿಯು ಪರೀಕ್ಷೆಯಿಂದ ಎರಡು ಗ್ರಂಥಗಳ ಕೂಡಿಕೆಯೆಂದು ತಿಳಿದುಬಂದಿತು. ಕೆಂಪು ಭಾಗಕ್ಕೆ ಹರಿತ್ತು ಇಲ್ಲದ್ದರಿಂದ ಅದು ತನ್ನ ಅನ್ನವನ್ನು ತಾನು ಬೇಯಿಸಿಕೊಳ್ಳಲಾರದು. ಕೆಳಗಿನ ಕಾಂಡವು ಬೇರೆ ಜಾತಿಯದು, ಅದಕ್ಕೆ ಇದನ್ನು ಕಸಿ ಕಟ್ಟಿರುವರು. ಮೂಲಕವಿಯನ್ನು ಅಡಿಗಿಟ್ಟು ತಾನು ಮೆರೆಯುವ ಇಂಥ ಪ್ರಕ್ಷೇಪಗಳು ಪುರಾಣಗಳಲ್ಲಿ ಬೇಕಾದಷ್ಟಿವೆ. ಎಂಟು ತಿಂಗಳಿಗೆ ಕೆಂಪು ಮುದುಡಿ ಉದುರಿತು. ಕೆಳಗಿನ ಮೂಲಪಾಠವು ಈಗಲೂ ಚೆನ್ನಾಗಿದೆ.

ನನ್ನ ಸಂಶೋಧನೆಯ ಕೇಂದ್ರವಸ್ತು ಬ್ರಹ್ಮಕಮಲ. ಹಿಮಾಲಯದ ನಿಜವಾದ ಬ್ರಹ್ಮಕಮಲಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಇದು ಮೆಕ್ಸಿಕೋ ಕಡೆಯ, ಮುಳ್ಳಿಲ್ಲದ ಕಳ್ಳಿ. ಊರಿನವರು ಎಲೆಯೆಂದು ಹಂಚಿಕೊಳ್ಳುವುದು ವಾಸ್ತವವಾಗಿ ಚಪ್ಪಟೆಯಾದ ಕಾಂಡವಾದುದರಿಂದ, ಶಾಸ್ತ್ರದೃಷ್ಟಿಯಿಂದ ಈ ಗ್ರಾಮದಲ್ಲಿ ಯಾರೂ ಯಾರಿಗೂ ಬ್ರಹ್ಮಕಮಲದ ಎಲೆಯನ್ನು ಕೊಟ್ಟಿಲ್ಲ. ಆದರೂ ಮೊಗ್ಗು ಬಾಗಿ ಮೇಲಕ್ಕೆ ತಲೆಯೆತ್ತಿದ ಸಂಜೆ ಸುದ್ದಿ ಹೇಳಿಕಳಿಸುವುದೊಂದು ಕಟ್ಟಳೆ. ಒಂಬತ್ತು ಗಂಟೆಗೆ ಮೊಗ್ಗಿನ ತುದಿ ಸಡಿಲುವುದು. ಮಾಳಿಗೆಯ ಮೆಟ್ಟಿಲ ಬದಿಯಲ್ಲಿ ಜಮಖಾನೆ ಹಾಸಿ ಹೆಣ್ಣುಮಕ್ಕಳು ಕೂಡುವರು. ಚುರುಮುರಿ, ಚಹ, ಸೊಸೆಯಂದಿರ ಮೇಲಿನ ವಿಚಾರಣೆ. ಹನ್ನೊಂದರ ಹೊತ್ತಿಗೆ ಅಂಗೈಯಗಲದ ಬಿಳುಪು ತೆರೆದು, ಪರಿಮಳವು ಕೆಳಗಿನ ದನದ ಕೊಟ್ಟಿಗೆಯವರೆಗೂ ಇಳಿಯುವುದು. ಆರತಿ ಆಗುವುದು. ನಸುಕಿನಲ್ಲಿ ನೋಡಿದರೆ ಹೂವು ಒದ್ದೆ ಬಟ್ಟೆಯಂತೆ ಜೋತುಬಿದ್ದಿರುವುದು, ಮತ್ತು ಗಿಡದಲ್ಲಿ ನಾಲ್ಕಾರು ‘ಎಲೆ’ಗಳು ಕಡಿಮೆಯಾಗಿರುವುವು.

ಹೀಗೆ ಹೋದ ಎಲೆಗಳ ಜಾಡನ್ನು ಹಿಡಿದು, ಗ್ರಂಥಸಂಪಾದನೆಯ ಕ್ರಮದಂತೆ ಒಂದೊಂದು ಮನೆಯ ಗಿಡಕ್ಕೂ ಕ, ಖ, ಗ, ಘ ಎಂಬ ಸಂಕೇತಗಳನ್ನಿಟ್ಟು, ವಂಶವೃಕ್ಷವನ್ನು ಬರೆದೆನು. ಪಾಠಾಂತರಗಳೇ ಸಿಕ್ಕಲಿಲ್ಲ. ತುಂಡಿನಿಂದ ಹುಟ್ಟಿದ ಗಿಡವು ತಾಯಿಯ ಮಗಳಲ್ಲ. ತಾಯಿಯೇ ಇನ್ನೊಂದು ಹರವಿಯಲ್ಲಿ ಕುಳಿತದ್ದು. ಲಿಪಿಕಾರನಿಗೆ ತಪ್ಪುಮಾಡುವ ಅವಕಾಶವೇ ಇಲ್ಲದ ಈ ಪರಂಪರೆಯಲ್ಲಿ ಮೂಲವನ್ನು ಗುರುತಿಸಲು ಸಾಕ್ಷಿಗಳ ಬಾಯಿಮಾತೊಂದೇ ಆಧಾರ. ನಮ್ಮ ಮನೆಯ ‘ಕ’ ಪ್ರತಿಯು ಗಿರಣಿಯ ಓಣಿಯ ದೊಡ್ಡವ್ವನ ‘ಖ’ದಿಂದ ಬಂದುದೆಂದು ಮನೆಯಾಕೆ ಹೇಳಿದಳು. ‘ಖ’ವು ಶಾಲೆಯ ಅಕ್ಕಾವರ ‘ಗ’ದಿಂದ, ‘ಗ’ವು ಬಸ್ಸಿನ ಕಂಡಕ್ಟರರ ಮನೆಯ ‘ಘ’ದಿಂದ. ಹರ್ಷಪುಲಕಿತನಾಗಿ ‘ಘ’ದ ಹಿತ್ತಲಿಗೆ ಹೋಗಿ, ಆ ಮನೆಯ ಅತ್ತಿಯನ್ನು ವಿನಯದಿಂದ ಕೇಳಿದೆನು.

‘ಅದ ನಿಮ್ಮ ಮಾಳಿಗಿ ಮ್ಯಾಲಿಂದರೀ ಮಾಸ್ತರ,’ ಎಂದರು ಅವರು, ಅಕ್ಕಿ ಆರಿಸುವ ಮೊರದಿಂದ ತಲೆಯೆತ್ತದೆ. ‘ಭಾಳ ವರ್ಷ ಆತು. ನೀವು ಊರಾಗ ಇರಲಿಲ್ಲ. ಕೇಳಿದ್ರ ಕೊಡ್ತಿದ್ರಿ ಖರೆ, ಆದ್ರ ಕೇಳಿ ತಂದದ್ದು ಹತ್ತಂಗಿಲ್ಲ ನೋಡ್ರಿ.’

ಮನೆಗೆ ಬಂದು ಪ್ರಶ್ನಿಸಲಾಗಿ ಸತ್ಯವು ಹೊರಬಿದ್ದಿತು. ೨೦೧೯ರ ಆಗಸ್ಟಿನಲ್ಲಿ, ಮಲಪ್ರಭೆ ಉಕ್ಕಿ ಕೊಣ್ಣೂರಿನ ಕಡೆಯ ಊರುಗಳಿಗೆ ನೀರು ನುಗ್ಗಿದ ಆ ಮಳೆಯಲ್ಲಿ, ನಮ್ಮ ಮೂಲಗಿಡವು ಬುಡದಿಂದ ಕೊಳೆತುಹೋಗಿ, ಮನೆಯಾಕೆಯು ಯಾರಿಗೂ ಹೇಳದೆ ‘ಖ’ದಿಂದ ಒಂದು ಎಲೆಯನ್ನು ತಂದು ಅದೇ ಹರವಿಯಲ್ಲಿ ನೆಟ್ಟಿದ್ದಳು. ‘ಕ’ದಿಂದ ‘ಘ’, ‘ಘ’ದಿಂದ ‘ಗ’, ‘ಗ’ದಿಂದ ‘ಖ’, ‘ಖ’ದಿಂದ ಮರಳಿ ‘ಕ’: ನೈಯಾಯಿಕರು ಚಕ್ರಕವೆಂದು ಕರೆದು ದೋಷಗಳ ಸಾಲಿಗೆ ಸೇರಿಸಿರುವ ವಸ್ತುವು ನಮ್ಮ ಊರಿನಲ್ಲಿ ಹಸಿರಾಗಿ ಬೆಳೆದು ಹೂ ಬಿಡುತ್ತಿದೆ. ‘ಖ’ದ ದೊಡ್ಡವ್ವನಿಗೆ ತಿಳಿಸಿಯೇ ತಂದೆಯೋ ಎಂದು ಕೇಳಿದೆನು. ಮನೆಯಾಕೆಯು ಉತ್ತರ ಕೊಡದೆ ಹರವಿಯನ್ನು ಬಿಸಿಲಿನಿಂದ ನೆರಳಿಗೆ ಸರಿಸಿದಳು.

ಈ ಸಂಶೋಧನೆಯ ವಂಶವೃಕ್ಷದ ನಕ್ಷೆಯನ್ನು ವಾಚಕರ ಮುಂದಿಡಲಾಗದುದಕ್ಕೆ ವಿಷಾದಿಸುತ್ತೇನೆ. ಮೊನ್ನೆ ರೋಣದಿಂದ ಬಂದಿದ್ದ ನಮ್ಮ ತಂಗಿಯ ಮಗಳು ಹೊರಟು ನಿಂತಾಗ, ಬಸ್ಸಿಗೆ ಹೊತ್ತಾಯಿತೆಂಬ ಗಡಿಬಿಡಿಯಲ್ಲಿ, ಮನೆಯಾಕೆಯು ಬ್ರಹ್ಮಕಮಲದ ಎರಡು ಎಲೆಗಳನ್ನು ಮುರಿದು, ಮೇಜಿನ ಮೇಲೆ ಕೈಗೆ ಸಿಕ್ಕಿದ ಕಾಗದದಲ್ಲಿ ಸುತ್ತಿ, ಆಕೆಯ ಚೀಲಕ್ಕೆ ಹಾಕಿದಳು. ಮೇಲಿನ ಸಂಕೇತಗಳನ್ನು ನೆನಪಿನಿಂದ ಬರೆದಿದ್ದೇನೆ; ‘ಗ’ ಮತ್ತು ‘ಘ’ಗಳು ಅದಲುಬದಲಾಗಿರುವ ಸಂಭವವುಂಟು. ಮೂಲಪ್ರತಿಯು ಈಗ ರೋಣದಲ್ಲಿದೆ.