ತೋಡಾರು ಪರಿಸರದಲ್ಲಿ ಅಪರಾಧದ ಉದಯಾಸ್ತ: ಒಂದು ಮಹಾಪ್ರಬಂಧದ ಸಂಗ್ರಹ

ಅಪರಾಧವೆಂದರೇನು, ದಂಡವೇಕೆ ಎಂಬ ಪ್ರಶ್ನೆಗೆ ಮನು, ಕೌಟಿಲ್ಯ, ಮೆಕಾಲೆ ಮೊದಲಾದವರು ಉತ್ತರಿಸಲು ಹೆಣಗಿದ್ದಾರೆ. ಇವರಲ್ಲಿ ಒಬ್ಬರೂ ತೋಡಾರಿನಲ್ಲಿ ಬಸ್ಸಿಳಿದವರಲ್ಲ. ಅವರ ಗ್ರಂಥಗಳ ಕೊರತೆಗೆ ಇದೇ ಮೂಲ. ತೋಡಾರಿನಿಂದ ಮೂಡುಬಿದಿರೆ ದಾಟಿ ಒಂದು ದಾರಿ ಹಿಡಿದರೆ ಕಾರ್ಕಳ, ಇನ್ನೊಂದು ಹಿಡಿದರೆ ವೇಣೂರು. ದಂಡಶಾಸ್ತ್ರದ ಪೂರ್ವಾರ್ಧ, ಉತ್ತರಾರ್ಧ ಎರಡೂ ಈ ಎರಡು ದಾರಿಗಳ ಕೊನೆಗೆ ಕಲ್ಲಿನಲ್ಲಿ ನಿಂತಿವೆ.

ಪ್ರಥಮ ಪ್ರಕರಣ: ಬೀರ ಕಲ್ಕುಡ. ತುಳುವಿನ ಹಾಡುಗತೆಯಾದ ಪಾಡ್ದನ ಹೇಳುವಂತೆ ಈತ ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಕಲ್ಲುಕುಟಿಗ. ಮೆಚ್ಚಿದ ಅಲ್ಲಿನ ದೊರೆ ಭೈರರಸ, ಇಂಥದ್ದು ಬೇರೆ ಊರಿಗೆ ದಕ್ಕಬಾರದೆಂದು ಅವನ ಒಂದು ಕೈ, ಒಂದು ಕಾಲು ಕಡಿಸಿದ. ಆರೋಪ: ಕೆಲಸವನ್ನು ಚೆನ್ನಾಗಿ ಮಾಡಿದ್ದು. ಶಿಕ್ಷೆಯ ಉದ್ದೇಶ: ಕೃತ್ಯ ಮರುಕಳಿಸದಂತೆ ತಡೆಯುವುದು. ಫಲಿತಾಂಶ: ಮರುಕಳಿಸಿತು. ಕಲ್ಕುಡ ಉಳಿದ ಕೈಯಲ್ಲೇ ವೇಣೂರಿನ ಅರಸರಾದ ಅಜಿಲರಿಗೆ ಅಲ್ಲಿಯ ಗೊಮ್ಮಟನನ್ನು ಮಾಡಿಕೊಟ್ಟ. ಮೊದಲನೆಯ ಮೂರ್ತಿ 1432ರದು, ಎರಡನೆಯದು 1604ರದು. ನಡುವಿನ 172 ವರ್ಷ ಇತಿಹಾಸಕಾರರಿಗೆ ದೊಡ್ಡ ತೊಡಕು. ಜಾಗದ ತಕರಾರಿನಲ್ಲಿ ದಾವೆ ಹೂಡಿ ಕುಳಿತ ನಮ್ಮ ಕಡೆಯವರಿಗೆ ಆ ಅವಧಿ ಅಷ್ಟೇನೂ ವಿಪರೀತವೆನಿಸದು. ವೇಣೂರಿನವ ಕಾರ್ಕಳದವನಿಗಿಂತ ಗಿಡ್ಡ ಎಂಬ ಆಕ್ಷೇಪವೂ ಇದೆ. ಒಂಟಿ ಕೈಯ ಕೆಲಸಕ್ಕೆ ಅಷ್ಟು ರಿಯಾಯಿತಿ ಕೊಡಲೇಬೇಕು.

ಸ್ವಾರಸ್ಯವಿರುವುದು ಮುಂದೆ. ಕಲ್ಕುಡನೂ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಅರಸನನ್ನು ಕಾಡಿದರು. ಇಂದು ಬಂಟ್ವಾಳದ ಪಣೋಲಿಬೈಲಿನಲ್ಲಿ ಕಲ್ಲುರ್ಟಿಗೆ ಅಗೇಲೆಂಬ ಎಡೆ ಕೊಡಲು ಜನ ಸಾಲುಗಟ್ಟುತ್ತಾರೆ. ಕೊರಳಿನ ಚೈನು, ಹಟ್ಟಿಯ ದನ ಕಾಣೆಯಾದರೆ ಠಾಣೆಯ ಮೆಟ್ಟಿಲು ಹತ್ತುವ ಮೊದಲೇ ಆಕೆಗೆ ಹರಕೆ ಹೇಳಿಕೊಳ್ಳುವವರಿದ್ದಾರೆ. ಅಲ್ಲಿ ವಕಾಲತ್ತು ಇಲ್ಲ, ವಾಯಿದೆ ಇಲ್ಲ. ಶಿಕ್ಷೆಗೊಳಗಾದವನ ಮನೆಯವರೇ ನ್ಯಾಯಪೀಠವೇರಿದ ಇಂಥ ಉದಾಹರಣೆ ರೋಮನ್ ನ್ಯಾಯದಲ್ಲಿ ನಮಗೆ ಸಿಕ್ಕಿಲ್ಲ. ಹುಡುಕಿಯೂ ಇಲ್ಲ.

ದ್ವಿತೀಯ ಪ್ರಕರಣ ಸಣ್ಣದು. 1837ರಲ್ಲಿ ಕಂಪೆನಿಯ ಬಾವುಟ ಇಳಿಸಿ ಮಂಗಳೂರನ್ನು ಹಿಡಿದವರ ಪೈಕಿ ಲಕ್ಷ್ಮಪ್ಪ ಬಂಗರಸ ಮೊದಲಾದವರಿಗೆ ಬಿಕರ್ನಕಟ್ಟೆಯಲ್ಲಿ ನೇಣಾಯಿತು. 2022ರಲ್ಲಿ ಅದೇ ದಂಗೆಯ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಬಾವುಟಗುಡ್ಡೆಯಲ್ಲಿ ಎದ್ದಿತು. ರಾಜದ್ರೋಹವು ಪಕ್ವವಾಗಿ ಪ್ರತಿಮೆಯಾಗಲು 185 ವರ್ಷ ಹಿಡಿಯುತ್ತದೆ ಎಂದು ಇದರಿಂದ ಸಿದ್ಧವಾಗುತ್ತದೆ.

ಕೋಣಗಳ ವಿಷಯದಲ್ಲಿ ಮಾತ್ರ ಅಷ್ಟು ಕಾಯಬೇಕಾಗಿಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಮೇಲೆ ಕೊಟ್ಟ ತೀರ್ಪಿನ ಕೆಸರು ಕೋಣ ಓಡಿಸುವ ನಮ್ಮ ಕಂಬಳದ ಕರೆಗೂ ಸಿಡಿಯಿತು. 2016ರ ನವೆಂಬರಿನಲ್ಲಿ ಹೈಕೋರ್ಟಿನ ತಡೆ ಬಂತು. ಆ ಚಳಿಗಾಲ ಕೋಣ ಓಡಿಸುವುದು ಹಿಂಸೆ. 2017ರ ಜುಲೈಯಲ್ಲಿ ಸುಗ್ರೀವಾಜ್ಞೆ. ಅಲ್ಲಿಂದ ಅದೇ ಓಟ ಪರಂಪರೆ. 2020ರ ಫೆಬ್ರವರಿಯಲ್ಲಿ ತೋಡಾರಿನ ನೆರೆಯ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳದ ಕರೆಯಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಉಸೇನ್ ಬೋಲ್ಟ್ ಹೆಸರು ಎಲ್ಲರ ಬಾಯಲ್ಲಿ. ಮುಖ್ಯಮಂತ್ರಿಗಳಿಂದ 3 ಲಕ್ಷ ರೂಪಾಯಿ. ಇದೇ ಓಟವನ್ನು ಮೂರು ಚಳಿಗಾಲ ಮೊದಲೇ ಓಡಿದ್ದರೆ ಸನ್ಮಾನದ ಶಾಲಿನ ಬದಲು ಸಮನ್ಸು ಬರುತ್ತಿತ್ತೋ ಏನೋ. 2023ರ ಮೇ 18ರಂದು ಸಂವಿಧಾನ ಪೀಠ ಕಂಬಳಕ್ಕೆ ದಾರಿ ಬಿಟ್ಟ ಕಾಯ್ದೆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಈ ಒಂಬತ್ತು ವರ್ಷಗಳಲ್ಲಿ ಕೆಸರು ಅದೇ, ಕೋಣದ ಕಾಲೂ ನಾಲ್ಕೇ. ಬೆತ್ತ ಬೀಸುವ ಕೈಗೆ ಸ್ವಲ್ಪ ನಾಚಿಕೆ ಬಂದದ್ದು ಹೌದು, ಅದು ಬರಬೇಕಾದದ್ದೇ.

ಕೋಳಿಗೆ ಇನ್ನೂ ಆ ಯೋಗ ಬಂದಿಲ್ಲ. ಹುಂಜವನ್ನು ಮನೆಯಲ್ಲಿ ಕೊಯ್ದರೆ ಸುಕ್ಕ. ಬೇಯಿಸಿ ಎಲೆಗೆ ಬಡಿಸಿ ದೈವಕ್ಕಿಟ್ಟರೆ ಅಗೇಲು. ಕೋಳಿ ಅಂಕದಲ್ಲಿ ಕಾಲಿಗೆ ಬಾಳು ಕಟ್ಟಿದ ಇನ್ನೊಂದು ಹುಂಜ ಕೊಂದರೆ ಮೊಕದ್ದಮೆ. ಸತ್ತ ಹುಂಜಕ್ಕೆ ಈ ವ್ಯತ್ಯಾಸ ತಿಳಿಯದಿರುವುದು ಅದರ ಕಾನೂನು ಅಜ್ಞಾನವೆಂದೇ ಪರಿಗಣಿಸಬೇಕು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಅಷ್ಟಕ್ಕೆ ಮೂಡುಬಿದಿರೆಯ ಹೋಟೆಲಿನಲ್ಲಿ ಸುಕ್ಕ ಬಿಡಿ, ಅದರ ಗಸಿಯೂ ಸಿಗದು. ಪೊಲೀಸರನ್ನು ಕಂಡು ಅಂಕದವರು ತೋಟದೊಳಗೆ ಓಡುವುದು ಈ 50 ರೂಪಾಯಿಗೆ ಹೆದರಿ ಅಲ್ಲ. ಅಲ್ಲಿ ಬಾಜಿಗೆಂದು ತಂದ ನೋಟಿನ ಕಟ್ಟು ಜಪ್ತಿಯಾಗುತ್ತದೆಂದು.

ಕೊನೆಯದಾಗಿ ಕುಡುಕರು. 1860ರ ದಂಡ ಸಂಹಿತೆಯಲ್ಲಿ ಕುಡಿದು ಬೀದಿಯಲ್ಲಿ ರಂಪ ಮಾಡಿದವನಿಗೆ 24 ಗಂಟೆಯವರೆಗೆ ಸಜೆ ಅಥವಾ 10 ರೂಪಾಯಿವರೆಗೆ ದಂಡ ಅಥವಾ ಎರಡೂ ಇತ್ತು. 2024ರ ಜುಲೈ 1ರಂದು ಜಾರಿಗೆ ಬಂದ ನ್ಯಾಯ ಸಂಹಿತೆ ದಂಡವನ್ನು 1,000ಕ್ಕೆ ಏರಿಸಿ, ‘ಸಮುದಾಯ ಸೇವೆ’ ಎಂಬ ಹೊಸ ಶಿಕ್ಷೆಯನ್ನೂ ಸೇರಿಸಿದೆ: ಊರಿಗೆ ಉಪಕಾರವಾಗುವ ಕೆಲಸ, ಸಂಬಳವಿಲ್ಲ. ಬ್ರಹ್ಮಕಲಶದ ಸಮಯದಲ್ಲಿ ನಮ್ಮ ಕಡೆ ಅರ್ಧ ಊರು ಇದೇ ಶಿಕ್ಷೆಯನ್ನು ಶ್ರಮದಾನವೆಂಬ ಹೆಸರಿನಲ್ಲಿ, ಯಾವ ತಪ್ಪನ್ನೂ ಮಾಡದೆ, ಗಂಜಿಯೂಟದೊಂದಿಗೆ ಅನುಭವಿಸುತ್ತದೆ. ಹೀಗೆ ಮುಂಗಡ ಸಲ್ಲಿಸಿದ ಸೇವೆಯನ್ನು ಇನ್ನು ಮಾಡಲಿರುವ ಅಪರಾಧದ ಲೆಕ್ಕಕ್ಕೆ ವಜಾ ಹಾಕಿಕೊಳ್ಳಲು ಬರುತ್ತದೆಯೇ ಎಂದು ಗಡಂಗಿನ ವಿದ್ವಾಂಸರು ಕೇಳಿದ್ದಾರೆ. ಸಂಜೆ ಏಳರೊಳಗೆ ಉತ್ತರ ಬೇಕಂತೆ.